ಎಂಟು ಗೆರೆಯ ಬಾಟ್ಲಿ

ಗುರುವಪ್ಪ ಕಾಗದದ ಪಟ್ಟಿಯನ್ನು ಮೂರನೆಯ ಸಲ ಮಡಚುತ್ತಿದ್ದಾಗ ಸೇವ್ಯರ್ ಆ ಮಾತು ತೆಗೆದ.

"ಜನ ಮಾತಾಡ್ತಾ ಇದ್ದಾರೆ, ಗುರುವಪ್ಪನವರೇ. ಮದ್ದಿಗೆ ನೀರು ಜಾಸ್ತಿ ಬೀಳ್ತಾ ಉಂಟು ಅಂತ."

ಗುರುವಪ್ಪ ತಲೆ ಎತ್ತಲಿಲ್ಲ. ಮಡಚಿದ ಪಟ್ಟಿಯ ಎರಡು ಮೂಲೆಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಬಿಡಿಸಿದ. ಉದ್ದಕ್ಕೆ ಎಂಟು ಭಾಗ, ಒಂದರಷ್ಟೇ ಇನ್ನೊಂದು. ಅಂಟು ಸವರಿ ಬಾಟ್ಲಿಯ ಪಕ್ಕಕ್ಕೆ ನೆಟ್ಟಗೆ ಹಚ್ಚಿದ. ಒಂದು ಭಾಗ ಎಂದರೆ ಒಂದು ದಿನದ ಮದ್ದು. ಊರವರು ಅದನ್ನು ಗೆರೆ ಎನ್ನುತ್ತಿದ್ದರು. ಮೊದಲು ಪುತ್ತೂರಿನ ಒಂದು ದವಾಖಾನೆಯಲ್ಲಿ, ಆಮೇಲೆ ಕಡಬದ ಈ ಸ್ವಂತ ಮದ್ದಿನ ಅಂಗಡಿಯಲ್ಲಿ, ಕಂಪೌಂಡರನಾಗಿ ಒಟ್ಟು ಮೂವತ್ತೊಂದು ವರ್ಷ ಅವನು ಇದೇ ಕತ್ತರಿ ಹಿಡಿದಿದ್ದ. ಅವನು ಹಚ್ಚಿದ ಗೆರೆ ಒಂದು ಕೂದಲಿನಷ್ಟು ಆಚೀಚೆ ಆದದ್ದಿಲ್ಲ ಎಂಬುದೊಂದೇ ಅವನಿಗಿದ್ದ ಜಂಬ.

"ಯಾವ ಜನ?" ಎಂದು ಕೇಳಿದ.

"ಯಾರು ಅಂತ ಹೇಳುದು? ನರ್ಸಮ್ಮ ಟೋಮಿಯ ಹೆಂಡತಿಯನ್ನು ನೋಡಿ ಬಂದಿದ್ದಾಳೆ, ಆ ಏಲಿಕುಟ್ಟಿಯನ್ನು. ಎರಡೂವರೆ ತಿಂಗಳಾಯ್ತು ನಿಮ್ಮ ಮದ್ದು ಕೊಂಡುಹೋಗ್ಲಿಕ್ಕೆ ಶುರು ಮಾಡಿ. ಕಣ್ಣಿನ ಒಳಗೆ ಒಂದು ಚೂರು ಕೆಂಪು ಇಲ್ಲ. ಈಗ ಏಳು ತಿಂಗಳು. ಹೀಗೇ ಹೆರಿಗೆ ಆದ್ರೆ ಉಳಿಯುದು ಕಷ್ಟ ಅಂತ ಹೇಳಿದ್ಳು."

ಸೇವ್ಯರ್ ಕೆಟ್ಟ ಮನುಷ್ಯನಲ್ಲ. ಕೇರಳದಿಂದ ಎಲ್ಲರಿಗಿಂತ ಮೊದಲು ಬಂದು, ನೆಲ್ಯಾಡಿಯ ಕಡೆ ಕಾಡು ಕಡಿದು ರಬ್ಬರ್ ಹಾಕಿ, ನಾಲ್ಕು ಜನರಿಗೆ ಬೇಕಾದವನಾಗಿದ್ದ. ಮೂರು ವರ್ಷದ ಹಿಂದೆ, ಐವತ್ತೆಂಟನೇ ಇಸವಿಯಲ್ಲಿ, ಇಗರ್ಜಿಯವರು, ಮಸೀದಿಯವರು, ಶಾಲೆಯ ಮಾಸ್ತರರು ಎಲ್ಲ ಸೇರಿ ಒಂದು ಸಹಾಯ ಸಮಿತಿ ಕಟ್ಟಿದಾಗ ಕಾರ್ಯದರ್ಶಿಯ ಕೆಲಸ ಇವನ ಹೆಗಲಿಗೆ ಬಿತ್ತು. ಬಸುರಿ ಹೆಂಗಸರಿಗೆ ರಕ್ತ ಆಗುವ ಕಬ್ಬಿಣದ ಮದ್ದು ಧರ್ಮಕ್ಕೆ ಕೊಡುವುದು ಸಮಿತಿಯ ದೊಡ್ಡ ಕೆಲಸ. ಸಾಮಾನು ಸಮಿತಿಯದು, ಬೆರೆಸಿ ಕೊಡುವ ಕೈ ಗುರುವಪ್ಪನದು. ಸಂತೆಯ ದಿನ ಪಟ್ಟಿಯಲ್ಲಿ ಹೆಸರಿದ್ದ ನಲ್ವತ್ತು ಹೆಂಗಸರು ಬಂದು ವಾರಕ್ಕೊಂದು ಬಾಟ್ಲಿ ಕೊಂಡುಹೋಗುತ್ತಿದ್ದರು. ಏಳು ದಿನಕ್ಕೆ ಏಳು ಗೆರೆ, ಹೊಳೆ ತುಂಬಿ ಒಂದು ದಿನ ತಡವಾದರೆ ಇರಲಿ ಎಂದು ಒಂದು ಹೆಚ್ಚು.

"ಸಮಿತಿಯವರು ಮಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸ್ಬೇಕು ಅಂತಾರೆ," ಸೇವ್ಯರ್ ಹೇಳಿದ. "ಅಂಗಡಿಯ ಬಾಟ್ಲಿ ಅಲ್ಲ, ಅವಳ ಮನೆಯಲ್ಲಿ ಇರುದನ್ನು. ಇವತ್ತು ಕೊಟ್ಟಿದ್ದೀರಲ್ಲ, ನಾಳೆ ಬೆಳಿಗ್ಗೆ ಹೋಗಿ ತರುವ. ನೀವೂ ಬನ್ನಿ. ನಿಮ್ಮ ಎದುರಲ್ಲೇ ತೆಗೆಯುದು ನ್ಯಾಯ. ನೀರು ಹೌದು ಅಂತಾದ್ರೆ ಮುಂದೆ ಪುತ್ತೂರಿನಿಂದ ತರಿಸುದು ಅಂತ ತೀರ್ಮಾನ ಆಗಿದೆ."

"ಬರ್ತೇನೆ" ಎಂದ ಗುರುವಪ್ಪ.

ಸೇವ್ಯರ್ ಕೊಡೆ ಬಿಡಿಸಿಕೊಂಡು ಹೋದ ಮೇಲೆ ಅವನು ಸ್ಟೂಲಿನ ಮೇಲೆ ಕುಳಿತ. ಪುತ್ತೂರಿನಿಂದ ತರಿಸಿಕೊಳ್ಳಲಿ, ಪೀಡೆ ಹೋಯಿತು ಎಂದು ಮನಸ್ಸಿನ ಒಂದು ಪಾಲು ಹೇಳಿತು. ಅರುವತ್ತರ ಹತ್ತಿರ ಬಂದ ಮೇಲೆ ಸಂತೆ ಮುಗಿಯುವಾಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ನಲ್ವತ್ತು ಬಾಟ್ಲಿ ತೊಳೆದು, ತುಂಬಿಸಿ, ಗೆರೆ ಹಚ್ಚಿ, ನಲ್ವತ್ತು ಚೀಟಿ ಬರೆಯುವಾಗ ಎದುರಿಗೆ ನಿಂತವರ ಮುಖ ಸಹ ನೋಡಲಾಗುತ್ತಿರಲಿಲ್ಲ. ಆದರೆ ಆ ನೀರಿನ ಮಾತು ಮಾತ್ರ ಚುಚ್ಚುತ್ತಲೇ ಇತ್ತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ದೇವಮ್ಮ, "ಎಂತ ಆತ್?" ಎಂದು ಕೇಳಿದ್ದಕ್ಕೆ, "ಎಂತ ಇಲ್ಲೆ" ಎಂದು ಅನ್ನ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಇಬ್ಬರೂ ನಡೆದೇ ಹೊರಟರು. ನಾಲ್ಕು ಮೈಲು ದಾರಿ. ಪೇಟೆ ದಾಟುವಲ್ಲಿ ಹೈದರ್ ಗಾಡಿಗೆ ಎತ್ತು ಕಟ್ಟುತ್ತಿದ್ದ. ಗುರುವಪ್ಪನನ್ನು ಕಂಡು ಎಂದಿನ ಹಾಗೆ ತಲೆಯ ಮುಂಡಾಸಿಗೆ ಕೈ ಮುಟ್ಟಿಸಿ, "ಎಲ್ಲಿಗೆ ಕಂಪೌಂಡ್ರೆ, ಗಾಡಿ ಉಂಟಲ್ಲ?" ಎಂದ.

"ಬೇಡ ಹೈದರ್, ಇಲ್ಲೇ ಹತ್ತಿರ" ಎಂದು ಗುರುವಪ್ಪ ಬೇಗ ಬೇಗ ಹೆಜ್ಜೆ ಹಾಕಿದ.

ಹೈದರನ ಮುಖ ನೋಡುವುದು ಅವನಿಗೆ ಕಳೆದ ವರ್ಷದಿಂದ ಕಷ್ಟವಾಗಿತ್ತು. ಹೈದರನ ಹೆಂಡತಿ ಝುಬೈದಾಳ ಹೆಸರೂ ಆಗ ಪಟ್ಟಿಯಲ್ಲಿತ್ತು. ತನ್ನ ಮದ್ದಿನಲ್ಲಿ ಅರ್ಧವನ್ನು ಅವಳು ತಂಗಿಗೆ ಕೊಡುತ್ತಾಳೆ ಎಂದು ಗುರುವಪ್ಪನಿಗೆ ತಿಳಿಯಿತು. ಒಬ್ಬರ ಹೆಸರಿನ ಮದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಹೆಸರು ತೆಗೆಯುವುದು ಎಂದು ಸಮಿತಿಯ ನಿಯಮ. ಪಟ್ಟಿಗೆ ಸೇರಲು ಇನ್ನೂ ನಲ್ವತ್ತು ಜನ ಕಾದಿದ್ದರು, ನಿಯಮ ಬೇಕೇ ಇತ್ತು. ಗುರುವಪ್ಪ ಇದ್ದದ್ದನ್ನು ಇದ್ದ ಹಾಗೆ ಸೇವ್ಯರನಿಗೆ ಹೇಳಿದ. ಮುಂದಿನ ವಾರ ಹೆಸರು ಹೋಯಿತು. ಎರಡು ತಿಂಗಳ ಮೇಲೆ ಹೆರಿಗೆಯಲ್ಲಿ ಝುಬೈದಾಳಿಗೆ ರಕ್ತ ನಿಲ್ಲಲಿಲ್ಲ, ಜೀಪು ಪುತ್ತೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಯಾರು ಹೇಳಿದ್ದೆಂದು ಹೈದರನಿಗೆ ಇವತ್ತಿಗೂ ಗೊತ್ತಿಲ್ಲ.

ದಾರಿಯುದ್ದಕ್ಕೂ ಸೇವ್ಯರ್ ರಬ್ಬರಿನ ರೋಗದ ಬಗ್ಗೆ ಮಾತಾಡಿದ. ಗುರುವಪ್ಪ ಹೂಂಗುಟ್ಟಿದ. ಟೋಮಿಯ ಜಾಗ ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗೆ ಮರಗೆಣಸು, ಮೇಲೆ ಮೊಣಕಾಲೆತ್ತರದ ರಬ್ಬರ್ ಗಿಡ. ಅದು ಹಾಲು ಕೊಡಬೇಕಾದರೆ ಇನ್ನೂ ಆರೇಳು ವರ್ಷ ಕಾಯಬೇಕು. ಟೋಮಿ ಬೇಲಿ ಕಟ್ಟುತ್ತಿದ್ದವನು ಸೇವ್ಯರನನ್ನು ಕಂಡು ಕತ್ತಿ ಕೆಳಗಿಟ್ಟು ಬಂದ. ಸೇವ್ಯರ್ ಅವನನ್ನು ಹಿಡಿದುಕೊಂಡು ಗಿಡಗಳ ಎಲೆ ಮಗುಚಿ ನೋಡತೊಡಗಿದ.

"ನೀವು ಮೇಲೆ ಹೋಗಿ ಕೂತ್ಕೊಳ್ಳಿ. ನಾನು ಇದೊಂದು ನೋಡಿ ಬಂದೆ" ಎಂದ.

ಮೆಟ್ಟಿಲು ಕಡಿದ ಗುಡ್ಡ ಹತ್ತುವಾಗ ಗುರುವಪ್ಪ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಮುಳಿಹುಲ್ಲು ಹೊದೆಸಿದ ಮಾಡಿನ ಮನೆ, ಎದುರಿಗೆ ಸೆಗಣಿ ಸಾರಿಸಿದ ಸಣ್ಣ ಅಂಗಳ. ಅಂಗಳದಲ್ಲಿ ಐದು ಮಕ್ಕಳು ಸುತ್ತ ಕೂತು ಒಬ್ಬರಿಗೊಬ್ಬರು ನಾಲಗೆ ಚಾಚಿ ತೋರಿಸುತ್ತಿದ್ದರು. ಯಾರದ್ದು ಹೆಚ್ಚು ಕಪ್ಪು ಎಂದು ಪಂದ್ಯ. ದೊಡ್ಡ ಹುಡುಗಿಯದು ಶಾಯಿ ಕುಡಿದ ಹಾಗಿತ್ತು. ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ ಟೋಮಿಯ ತಾಯಿ ರೋಸಮ್ಮ ಬಂದವನನ್ನು ನೋಡಿ ಬಾಯ್ತುಂಬ ನಕ್ಕಳು. ಅವಳ ಬಾಯಿಯೂ ಕಪ್ಪು.

ಗುರುವಪ್ಪ ನಿಂತಲ್ಲೇ ನಿಂತ. ಕಬ್ಬಿಣದ ಮದ್ದು ಕುಡಿದು ಅದರ ಮೇಲೆ ಕರಿ ಚಾ ಕುಡಿದರೆ ನಾಲಗೆ ಹೀಗಾಗುತ್ತದೆ. ಚಾ ಕುಡಿಯಬೇಡಿ ಎಂದು ಅವನು ಪ್ರತಿ ಚೀಟಿಯಲ್ಲಿ ಬರೆಯುತ್ತಿದ್ದ.

ಏಲಿಕುಟ್ಟಿ ಒಳಗಿನಿಂದ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಮುಖಕ್ಕೆ ಬಣ್ಣವೇ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ, "ಸಾರೆ, ಕೂತ್ಕೊಳ್ಳಿ. ಚಾ ಮಾಡ್ಲಾ?" ಎಂದಳು.

"ಚಾ ಬೇಡ. ಮದ್ದು ಎಲ್ಲಿ ಉಂಟು?"

ಅವಳು ಮಾಡಿನ ಕಡೆ ಕೈ ತೋರಿಸಿದಳು. ಬಾಟ್ಲಿಯನ್ನು ತೊಳೆದು ಮುಳಿಯ ಸಂದಿಗೆ ಬೋರಲು ಸಿಕ್ಕಿಸಿದ್ದರು. ಗೆರೆಯ ಕಾಗದ ಒದ್ದೆಯಾಗಿದ್ದರೂ ಹರಿದಿರಲಿಲ್ಲ.

"ನಿನ್ನೆ ಕೊಟ್ಟದ್ದಲ್ವಾ ಇದು?"

"ಹೌದು ಸಾರೆ. ನಿನ್ನೆ ರಾತ್ರಿ ಎರಡು ಮಕ್ಕಳಿಗೆ, ಇವತ್ತು ಬೆಳಿಗ್ಗೆ ಉಳಿದವರಿಗೆ. ಮುಗೀತು."

"ಎಲ್ಲರಿಗೂ ಯಾಕೆ ಕೊಟ್ಟದ್ದು, ಮಾರಾಯ್ತಿ? ಅದು ನಿನ್ನ ಮದ್ದು."

ಏಲಿಕುಟ್ಟಿ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂದು ಅವಳಿಗೆ ಅನುಮಾನ ಬಂದಂತಿತ್ತು. "ನೀವೇ ಅಲ್ವಾ ಸಾರೆ, ಮೊದಲ ದಿವಸ ಕೇಳಿದ್ದು, ಮನೆಯಲ್ಲಿ ಎಷ್ಟು ಜನ ಅಂತ? ಎಂಟು ಅಂದೆ. ನೀವು ಬರ್ಕೊಂಡು ಎಂಟು ಗೆರೆ ಹಾಕಿ ಕೊಟ್ರಿ. ಇಗರ್ಜಿಯಲ್ಲಿ ಹಾಲಿನ ಪುಡಿ ಕೊಡುದೂ ಹಾಗೇ. ತಲೆ ಕೇಳ್ತಾರೆ, ತಲೆಗೆ ಇಷ್ಟು ಅಂತ ಅಳೆದು ಕೊಡ್ತಾರೆ."

ಸಮಿತಿಯ ಫಾರಂನಲ್ಲಿ ಹೆಸರು, ಗಂಡನ ಹೆಸರು, ಎಷ್ಟನೆಯ ತಿಂಗಳು ಎಂಬುದರ ಕೆಳಗೆ ಮನೆಯಲ್ಲಿ ಎಷ್ಟು ಮಂದಿ ಎಂಬ ಸಾಲೂ ಇತ್ತು. ಗುರುವಪ್ಪ ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದ್ದ. ಕೇಳಿ, ತಲೆ ಎತ್ತದೆ, ತುಂಬಿಸಿಟ್ಟ ಬಾಟ್ಲಿ ಮುಂದಕ್ಕೆ ನೂಕಿದ್ದ. ಹೇಗೆ ಕುಡಿಯುವುದೆಂದು ಚೀಟಿಯಲ್ಲಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ಉಳಿದ ಹೆಂಗಸರ ಮನೆಯಲ್ಲಿ ಐದು ಜನ, ಹನ್ನೊಂದು ಜನ. ಅವರು ಗೆರೆ ಏನೆಂದು ಯಾರನ್ನೋ ಕೇಳಿ ತಿಳಿದುಕೊಂಡಿರಬೇಕು. ಇವಳಿಗೆ ಕೇಳುವ ಅಗತ್ಯವೇ ಬೀಳಲಿಲ್ಲ, ಎಂಟು ಗೆರೆಗೆ ಎಂಟು ತಲೆ, ಲೆಕ್ಕ ಸರಿಯಾಗಿಯೇ ಇತ್ತು. ಗುರುವಪ್ಪನಿಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

"ಹೋಗ್ಲಿ, ನಿನ್ನ ಗೆರೆ ನೀನು ಕುಡ್ದಿಯಾ?"

ಅವಳು ಅಂಗಳದಲ್ಲಿದ್ದ ಕಿರಿಯವನನ್ನು ನೋಡಿದಳು. ಎರಡು ವರ್ಷದ ಆ ಪೋರ ನಾಲಗೆಯ ಪಂದ್ಯ ಬಿಟ್ಟು ಅಂಗಳದ ಬದಿಯ ಮಣ್ಣನ್ನು ಬೆರಳಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಇವನು ಮಣ್ಣು ತಿನ್ನುದು ಬಿಡುದಿಲ್ಲ ಸಾರೆ. ರಕ್ತ ಇಲ್ಲದ ಮಕ್ಕಳು ಹಾಗಂತೆ. ಇವನಿಗೆ ಎರಡು ಕೊಡುದು, ಇವನದ್ದೂ ನನ್ನದೂ. ಆಮೇಲೆ ಬಾಟ್ಲಿಗೆ ನೀರು ಹಾಕಿ ಕುಲುಕಿ ನಾನು ಕುಡೀತೇನೆ. ಒಂದು ಹನಿ ಹಾಳು ಮಾಡುದಿಲ್ಲ."

ಮದ್ದಿಗೆ ನೀರು ಬೆರೆಸಿದವರು ಯಾರೆಂದು ಗುರುವಪ್ಪನಿಗೆ ಗೊತ್ತಾಯಿತು. ಜಗಲಿಯ ಅಂಚಿಗೆ ಕುಳಿತ. ಜೀವನದಲ್ಲಿ ಅಷ್ಟು ಸುಸ್ತು ಅವನಿಗೆ ಎಂದೂ ಆಗಿರಲಿಲ್ಲ.

"ನೋಡು ಏಲಿಕುಟ್ಟಿ. ಎಂಟೂ ನಿನ್ನದು. ದಿನಕ್ಕೊಂದು. ನೀನೊಬ್ಬಳೇ ಕುಡಿಯುದು."

"ಇವನಿಗೆ?" ಎಂದಳು ಅವಳು.

ಪಟ್ಟಿಯಲ್ಲಿ ಮಣ್ಣು ತಿನ್ನುವ ಮಕ್ಕಳ ಹೆಸರಿಗೆ ಜಾಗವಿರಲಿಲ್ಲ.

ಕೆಳಗೆ ಸೇವ್ಯರನ ಕೆಮ್ಮು ಕೇಳಿಸಿತು. ಈಗ ಅವನು ಬರುತ್ತಾನೆ, ಖಾಲಿ ಬಾಟ್ಲಿ ನೋಡುತ್ತಾನೆ, ಮದ್ದು ಎಲ್ಲಿಗೆ ಹೋಯಿತು ಎಂದು ಕೇಳುತ್ತಾನೆ. ಮಕ್ಕಳ ನಾಲಗೆ ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಗುರುವಪ್ಪನ ಹೆಸರು ತೊಳೆದಷ್ಟು ಸ್ವಚ್ಛವಾಗುತ್ತದೆ. ಇವಳ ಹೆಸರು ಮುಂದಿನ ವಾರ ಪಟ್ಟಿಯಲ್ಲಿರುವುದಿಲ್ಲ. ಹೋದ ವರ್ಷವೂ ಅವನು ಹಾಗೆಯೇ ಇದ್ದದ್ದನ್ನು ಹೇಳಿದ್ದ.

ಅವನು ಜೇಬಿಗೆ ಕೈ ಹಾಕಿ ಪೆಪ್ಪರ್‌ಮಿಂಟಿನ ಪೊಟ್ಟಣ ತೆಗೆದ. ಕಹಿ ಮದ್ದು ಕುಡಿಯಲು ಹಠ ಮಾಡುವ ಮಕ್ಕಳಿಗಾಗಿ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಐದು ಮಕ್ಕಳ ಕೈಗೂ ಒಂದೊಂದು ಹಾಕಿ, "ಬಾಯಿ ಮುಚ್ಚಿ ಚೀಪ್ಬೇಕು. ಬಾಯಿ ತೆಗೆದವರದ್ದು ವಾಪಸು ತೆಗೊಳ್ತೇನೆ" ಎಂದ. ರೋಸಮ್ಮನೂ ಕೈ ಚಾಚಿದಳು. ಅವಳಿಗೂ ಒಂದು ಕೊಟ್ಟ. ಬಾಟ್ಲಿಯನ್ನು ಮಾಡಿನಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಸೇವ್ಯರ್ ಬೆವರು ಒರೆಸುತ್ತ ಅಂಗಳಕ್ಕೆ ಬಂದವನು ಬಾಟ್ಲಿ ನೋಡಿದ. "ಇದೆಂತದು, ಖಾಲಿ ಉಂಟಲ್ಲ?"

"ಚೆಲ್ಲಿದೆ" ಎಂದ ಗುರುವಪ್ಪ.

"ಯಾರು?"

"ನಾನೇ. ಈಗ. ಮಂಗಳೂರಿಗೆ ಕಳಿಸುವ ಕೆಲಸ ಇಲ್ಲ, ಸೇವ್ಯರ್ರೆ. ಡಬ್ಬಿಯ ಮದ್ದು ತೇವ ಎಳೆದು ಕರಗಿತ್ತು. ಅದನ್ನು ನೋಡಿಯೂ ಹಾಕಿದೆ. ಸತ್ವ ಇಲ್ಲದ್ದು ಎಷ್ಟು ಕುಡಿದ್ರೂ ಅಷ್ಟೇ."

ಏಲಿಕುಟ್ಟಿ ಬಾಯಿ ತೆರೆದಳು. ಗುರುವಪ್ಪ ಅವಳ ಕಡೆ ತಿರುಗಿ, "ನೀನು ಒಳಗೆ ಹೋಗಿ ಮಲಗು. ಹೀಗೆ ನಿಲ್ಲಬಾರದು" ಎಂದು ಗದರಿಸಿದ. ಅವಳು ಹೋಗಲಿಲ್ಲ, ಆದರೆ ಮಾತೂ ಆಡಲಿಲ್ಲ. ಮಕ್ಕಳು ಕೆನ್ನೆ ಉಬ್ಬಿಸಿಕೊಂಡು ಸಾಲಾಗಿ ನೋಡುತ್ತಿದ್ದರು.

ಸೇವ್ಯರನಿಗೆ ಸಿಟ್ಟಿಗಿಂತ ಹೆಚ್ಚು ಬೇಸರವಾಗಿತ್ತು, ಅದು ಅವನ ಮುಖದಲ್ಲೇ ಕಾಣುತ್ತಿತ್ತು. "ನಾನು ಸಮಿತಿಯಲ್ಲಿ ನಿಮ್ಮ ಪರ ಮಾತಾಡಿದ್ದೆ" ಎಂದ. "ಪರೀಕ್ಷೆ ಮಾಡ್ಸಿ ನೋಡಿ, ಗುರುವಪ್ಪ ಅಂಥವರಲ್ಲ ಅಂತ ಹೇಳಿದ್ದೆ."

"ಅವಳ ಹೆಸರು ಪಟ್ಟಿಯಲ್ಲಿ ಇರ್ಲಿ."

"ಅವಳದ್ದೆಂತ ತಪ್ಪು, ಇವ್ರೆ? ಇರ್ತದೆ."

ಹಿಂದಿರುಗುವಾಗ ಸೇವ್ಯರ್ ರಬ್ಬರಿನ ಮಾತೆತ್ತಲಿಲ್ಲ. ಹತ್ತು ಮಾರು ಮುಂದೆ ನಡೆದ.

ಮುಂದಿನ ವಾರದಿಂದ ಮದ್ದು ಪುತ್ತೂರಿನಿಂದ ಬಸ್ಸಿನಲ್ಲಿ ಬರತೊಡಗಿತು. ಸಂತೆಯ ದಿನ ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಸೇವ್ಯರನೇ ಹಂಚುತ್ತಿದ್ದ. ಗುರುವಪ್ಪನ ಅಂಗಡಿಯಿಂದ ಅದು ಕಾಣುತ್ತಿತ್ತು. ನಲ್ವತ್ತು ಹೆಂಗಸರ ಜೊತೆಗೆ ಬರುತ್ತಿದ್ದ ಜ್ವರದವರು, ಕೆಮ್ಮಿನವರು ಕೂಡ ಮೆಲ್ಲಗೆ ಕಡಿಮೆಯಾದರು. ಇಷ್ಟು ವರ್ಷ ನಮಸ್ಕಾರ ಹೇಳಿದ ಮಾಸ್ತರರು ಆಚೆ ಬದಿಯಿಂದ ಹೋಗುತ್ತಿದ್ದರು. ದೇವಮ್ಮನಿಗೆ ಮಾತ್ರ ಅವನು ನಿಜ ಹೇಳಿದ್ದ. ಅವಳು ಕೇಳಿ, ಅವನ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಲು ಎದ್ದು ಹೋದಳು. ಅವನಿಗೆ ಅಷ್ಟು ಸಾಕಾಗಿತ್ತು. ಸಾಕಾಗಿತ್ತು ಎಂದುಕೊಂಡರೂ ಸಂತೆಯ ದಿನ ಕತ್ತರಿಯನ್ನು ತೆಗೆದು ಒರೆಸಿ ಮತ್ತೆ ಇಡುತ್ತಿದ್ದ.

ಮೂರನೆಯ ಸಂತೆಯ ದಿನ ಮಧ್ಯಾಹ್ನ ಏಲಿಕುಟ್ಟಿ ಅಂಗಡಿಯ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದಳು. ಸೆರಗಿನ ಮರೆಯಿಂದ ಎರಡು ಮರಗೆಣಸು ತೆಗೆದು ಬಾಗಿಲ ಬದಿಗಿಟ್ಟು, ಪುತ್ತೂರಿನ ಬಾಟ್ಲಿಯನ್ನು ಮೇಜಿನ ಮೇಲಿಟ್ಟಳು. ಅಚ್ಚು ಹಾಕಿದ ಚೆಂದದ ಚೀಟಿ, ದಿನಕ್ಕೆ ಇಷ್ಟು ಚಮಚ ಎಂದು ಬರೆದಿತ್ತು.

"ಇದಕ್ಕೆ ಗೆರೆ ಇಲ್ಲ ಸಾರೆ" ಎಂದಳು. "ಗೆರೆ ಇಲ್ಲದೆ ಮಕ್ಕಳಿಗೆ ಜಗಳ ಆಗ್ತದೆ. ಅವನಿಗೆ ಜಾಸ್ತಿ, ಇವಳಿಗೆ ಕಮ್ಮಿ ಅಂತ. ನೀವು ಒಂದು ಹಚ್ಚಿ ಕೊಡ್ತೀರಾ?"

ಗುರುವಪ್ಪನಿಗೆ ಒಮ್ಮೆ ಬಾಟ್ಲಿಯನ್ನು ಎತ್ತಿ ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂತು. ತಾನು ಕಳೆದುಕೊಂಡದ್ದು ಇದಕ್ಕೋ ಎಂದು ಅನಿಸಿತು. ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಉಗುರುಗಳು ಸುಣ್ಣದ ಬಣ್ಣ.

"ಎಂಟೂ ನಿನ್ನದು ಅಂತ ಹೇಳಿದ್ದೆನಲ್ಲ ನಾನು."

"ಹೇಳಿದ್ರಿ ಸಾರೆ. ಅವರೆಲ್ಲ ನೋಡ್ತಾ ಇರುವಾಗ ನಾನೊಬ್ಬಳೇ ಹೇಗೆ ಕುಡಿಯುದು?"

ಅವನು ಸ್ಟೂಲಿನ ಮೇಲೆ ಕುಳಿತ. ಕಾಗದದ ಪಟ್ಟಿಯೊಂದನ್ನು ಎಳೆದು, ಅಭ್ಯಾಸದಂತೆ ಒಮ್ಮೆ ಮಡಚಿದ. ಮತ್ತೊಮ್ಮೆ ಮಡಚಲು ಹೋದ ಕೈ ನಿಂತಿತು. ಪಟ್ಟಿಯನ್ನು ಬಿಡಿಸಿ, ಬೆರಳಿನಿಂದ ಒತ್ತಿ ಸಪಾಟು ಮಾಡಿದ. ಮಡಚದೆಯೇ, ಕಣ್ಣಳತೆಯಲ್ಲಿ ಕತ್ತರಿಸತೊಡಗಿದ. ಮೇಲಿನ ಅರ್ಧದಲ್ಲಿ ನಾಲ್ಕು ದೊಡ್ಡ ಗೆರೆ. ಕೆಳಗಿನ ಅರ್ಧದಲ್ಲಿ ಏಳು ಚಿಕ್ಕವು, ಒತ್ತೊತ್ತಾಗಿ. ಅಂಥ ಸೊಟ್ಟ ಪಟ್ಟಿಯನ್ನು ಅವನು ಕಲಿಯುವಾಗಲೂ ಕತ್ತರಿಸಿರಲಿಲ್ಲ. ಅಂಟು ಸವರಿ ಬಾಟ್ಲಿಗೆ ಹಚ್ಚಿ ಅವಳ ಕಡೆ ತಿರುಗಿಸಿದ.

"ಮೇಲಿನ ನಾಲ್ಕು ನಿನ್ನದು. ನಾಲ್ಕು ದಿವಸಕ್ಕೆ. ಅದು ಮುಗಿಯದೆ ಕೆಳಗಿನದ್ದು ಯಾರೂ ಮುಟ್ಟಬಾರದು. ಕಂಪೌಂಡ್ರು ಹೀಗೇ ಗೆರೆ ಹಾಕಿ ಕೊಟ್ಟಿದ್ದಾರೆ ಅಂತ ಎಲ್ಲರಿಗೂ ತೋರಿಸು. ಗೆರೆ ತಪ್ಪಿದ್ರೆ ಮದ್ದು ಹಿಡಿಯುದಿಲ್ಲ ಅಂತ ಹೇಳು."

ಏಲಿಕುಟ್ಟಿ ಬೆರಳಿಟ್ಟು ಎಣಿಸಿದಳು. ನಾಲ್ಕು, ಆಮೇಲೆ ಏಳು. ಅತ್ತೆ, ಗಂಡ, ಐದು ಮಕ್ಕಳು. ಲೆಕ್ಕ ಸರಿಯಾಗಿತ್ತು. "ಹೀಗೆ ಗೆರೆ ಹಾಕಿದ್ರೆ ಅವರು ಕೇಳ್ತಾರೆ" ಎಂದು ತಲೆಯಾಡಿಸಿದಳು.

"ಮೊದಲಿನದ್ದು ಇಲ್ಲೇ ಕುಡಿ. ನನ್ನ ಎದುರು."

ಅವನು ಬಿರಡೆ ತೆಗೆದು ಒಂದು ದೊಡ್ಡ ಗೆರೆಯಷ್ಟು ಔನ್ಸಿನ ಗ್ಲಾಸಿಗೆ ಬಗ್ಗಿಸಿ ಕೊಟ್ಟ. ಅವಳು ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ, ಯಾರಿಗೆ ಕೊಡಲಿ ಎಂಬಂತೆ ಅತ್ತಿತ್ತ ನೋಡಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಕುಡಿದಳು. ಮುಖ ಕಿವುಚಿಕೊಂಡು ಗ್ಲಾಸು ಕೆಳಗಿಟ್ಟಳು.

ಗುರುವಪ್ಪ ಬಿರಡೆ ಹಾಕಿ ಬಾಟ್ಲಿಗೆ ಕಾಗದ ಸುತ್ತುತ್ತಿದ್ದ. ತಲೆ ಎತ್ತಿದಾಗ ಅವಳು ಅವನಿಗೆ ಬೆನ್ನು ಹಾಕಿ, ಔಷಧಿ ಕಪಾಟಿನ ಗಾಜಿನ ಎದುರು ನಿಂತು, ಮಕ್ಕಳ ಹಾಗೆ ನಾಲಗೆ ಚಾಚಿ ನೋಡಿಕೊಳ್ಳುತ್ತಿದ್ದಳು.